ಅಂಗಾಲಿನ ಮಚ್ಚೆಗೆ ತೊಡೆಸಂದಿನ ಪರೀಕ್ಷೆ ಯಾಕೆ?

ಪ್ರಶ್ನೆ: ಕುಮಟಾ ಹತ್ತಿರ ನಮ್ಮೂರು. ಅಮ್ಮನಿಗೆ 58 ವರ್ಷ. ಹಿಮ್ಮಡಿ ಪಕ್ಕ ಕಪ್ಪು ಮಚ್ಚೆ ಇತ್ತು. ಗೇರು ಸೊನೆ ತಾಗಿದ ಕಲೆ ಅಂತ ಸುಮ್ಮನಿದ್ದೆವು. ತೆಗೆಸಿದಾಗ ಮೆಲನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಅಂತ ಬಂತು. ದಪ್ಪ 0.9 ಮಿ.ಮೀ., ಹುಣ್ಣಿಲ್ಲ. ಒಬ್ಬ ಡಾಕ್ಟರು ತೊಡೆಸಂದಿನ ಲಿಂಫ್ ಗ್ರಂಥಿ ಪರೀಕ್ಷೆ ಮಾಡಿಸಿ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ಅಮ್ಮನ ಮಚ್ಚೆ ಸರಿಯಾಗಿ ಗಡಿ ಮೇಲೆ ಕೂತಿದೆ, ಅದೇ ತಕರಾರು.

ಎಟಿಎಂ ಕಾರ್ಡನ್ನು ಅಡ್ಡ ಹಿಡಿದು ಅಂಚು ನೋಡಿ. ದಪ್ಪ ಸುಮಾರು 0.76 ಮಿ.ಮೀ. ಮೆಲನೋಮ ಹೆಚ್ಚುಕಡಿಮೆ ಇಷ್ಟು ಆಳ ದಾಟಿದೆಯಾ ಅನ್ನುವುದೇ ಮೊದಲ ಲೆಕ್ಕ. 0.8ಕ್ಕಿಂತ ಕಡಿಮೆ, ಹುಣ್ಣೂ ಇಲ್ಲ ಅಂದರೆ ಗ್ರಂಥಿಗೆ ಹರಡಿರುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. ಸಾಮಾನ್ಯವಾಗಿ ಪರೀಕ್ಷೆ ಬೇಡ. 1 ಮಿ.ಮೀ. ದಾಟಿದರೆ ಮಾಡಿಸಿ ಅಂತಲೇ ಹೇಳುತ್ತೇವೆ. ನಡುವಿನ 0.8ರಿಂದ 1ರವರೆಗೆ ಸಾಧ್ಯತೆ ನೂರಕ್ಕೆ 5ರಿಂದ 10. ಹುಣ್ಣಾಗಿದ್ದರೆ ತೆಳು ಮಚ್ಚೆಯೂ ಇದೇ ಗುಂಪು. ಇಲ್ಲಿ ಡಾಕ್ಟರ ಜೊತೆ ಕೂತು ಮಾತಾಡಲೇಬೇಕು.

ನಾನಾದರೆ ರಿಪೋರ್ಟಿನಲ್ಲಿ ಇನ್ನೊಂದು ಸಾಲು ಹುಡುಕುತ್ತೇನೆ. ತೆಗೆದ ತುಂಡಿನ ತಳದ ಅಂಚಿನಲ್ಲೂ ಕ್ಯಾನ್ಸರ್ ಕಂಡಿದೆಯಾ? ಕಂಡಿದ್ದರೆ ನಿಜವಾದ ದಪ್ಪ 0.9ಕ್ಕಿಂತ ಜಾಸ್ತಿ ಇರಬಹುದು, ಅಲ್ವಾ? ಆಗ ನನ್ನ ಒಲವು ಪರೀಕ್ಷೆ ಕಡೆಗೇ.

ಪರೀಕ್ಷೆಯಲ್ಲಿ ಮಚ್ಚೆ ಇದ್ದ ಜಾಗಕ್ಕೆ ನೀಲಿ ಬಣ್ಣ ಮತ್ತು ಸ್ವಲ್ಪ ವಿಕಿರಣ ದ್ರವ ಚುಚ್ಚುತ್ತಾರೆ. ಅದು ಹರಿದು ತೊಡೆಸಂದಿನಲ್ಲಿ ಮೊದಲು ಸೇರುವ ಒಂದೆರಡು ಗ್ರಂಥಿಯನ್ನಷ್ಟೇ ತೆಗೆದು ನೋಡುತ್ತಾರೆ. ಕೆಲವರಿಗೆ ಗಾಯದಲ್ಲಿ ನೀರು ತುಂಬುತ್ತದೆ, ಕಾಲು ಊದುವುದೂ ಉಂಟು. ದಿನವಿಡೀ ಗದ್ದೆ, ತೋಟ ಅಂತ ಓಡಾಡುವವರಿಗೆ ಇದು ಸಣ್ಣ ಮಾತಲ್ಲ. ಪರೀಕ್ಷೆ ಮಾಡಿಸಿದ್ದಕ್ಕೇ ಆಯುಷ್ಯ ಹೆಚ್ಚುವುದಿಲ್ಲ. ರೋಗ ಯಾವ ಹಂತದಲ್ಲಿದೆ, ಮುಂದೆ ಔಷಧಿ ಬೇಕಾ ಅನ್ನುವುದು ತಿಳಿಯುತ್ತದೆ.

ತೊಡೆಸಂದಿನಲ್ಲಿ ಈಗಲೇ ಗಂಟು ಕೈಗೆ ಸಿಗುತ್ತಿದ್ದರೆ ಈ ಲೆಕ್ಕವೆಲ್ಲ ಬಿಡಿ. ಮೊದಲು ಸ್ಕ್ಯಾನ್, ಸೂಜಿ ಪರೀಕ್ಷೆ.

ಒಂದಕ್ಕೆ ಮಾತ್ರ ಅವಸರ ಮಾಡಿ. ಮಚ್ಚೆಯ ಸುತ್ತ ಅಗಲವಾಗಿ ಚರ್ಮ ತೆಗೆಯುವ ಆಪರೇಷನ್ ಇನ್ನೂ ಆಗಿಲ್ಲದಿದ್ದರೆ, ಗ್ರಂಥಿ ಪರೀಕ್ಷೆ ಬೇಕಾ ಅಂತ ಅದಕ್ಕೆ ಮೊದಲೇ ತೀರ್ಮಾನಿಸಿ. ಆಮೇಲೆ ದ್ರವ ಹರಿಯುವ ದಾರಿ ಬದಲಾಗಿರಬಹುದು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡುವಾಗ ಬರೀ ರಿಪೋರ್ಟ್ ಸಾಲದು. ಲ್ಯಾಬ್‌ನಿಂದ ತೆಗೆದ ತುಂಡಿನ ಗಾಜಿನ ಸ್ಲೈಡ್, ಅದನ್ನಿಟ್ಟ ಮೇಣದ ಬ್ಲಾಕ್ ಕೇಳಿ ಒಯ್ಯಿರಿ.