ಕೆಂಡ ಹುಡುಕಲು ಲೆಪ್ಟಾನ್ ಸಾಕಾ?

ಹಳೆ ಡ್ರೋನ್‌ಗೆ ಫ್ಲಿರ್ ಲೆಪ್ಟಾನ್ 3.5 ಎಂಬ ಪುಟ್ಟ ಶಾಖ ಕ್ಯಾಮೆರಾ ಕಟ್ಟಿ, ಕಾಡಂಚಿನಲ್ಲಿ ಆರಿಸಿದ ಬೆಂಕಿಯ ಕೆಂಡ ಉಳಿದಿದೆಯಾ ಅಂತ ನೋಡಬಹುದಾ ಎಂದು ಕೇಳಿದ್ದೀರಿ. ನೋಡಬಹುದು, ಆದರೆ ತಗ್ಗಿನಲ್ಲಿ ಹಾರಿಸಬೇಕು.

ಇದರ ಚಿತ್ರ 160×120 ಪಿಕ್ಸೆಲ್ ಅಷ್ಟೇ, ನೋಟದ ಅಗಲ 57 ಡಿಗ್ರಿ. 100 ಮೀಟರ್ ಎತ್ತರದಿಂದ ಒಂದೊಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 68 ಸೆಂಟಿಮೀಟರ್ ಅಗಲ. ಅಂಗೈಯಗಲದ ಕೆಂಡದ ಬಿಸಿ ಸುತ್ತಲಿನ ತಣ್ಣನೆ ನೆಲದ ಜೊತೆ ಬೆರೆತು, ಕೊಂಚ ಬೆಚ್ಚಗಿನ ಚುಕ್ಕಿಯಾಗಿ ಕಾಣುತ್ತದೆ. 30 ಮೀಟರ್‌ಗೆ ಇಳಿಸಿದರೆ ಪಿಕ್ಸೆಲ್ 20 ಸೆಂಟಿಮೀಟರ್ ಆಗುತ್ತದೆ. ಆಗ ಕೆಂಡ ಎದ್ದು ಕಾಣುತ್ತದೆ.

ಕ್ಯಾಮೆರಾದ ಹೈ ಗೇನ್ (ಹೆಚ್ಚು ಸೂಕ್ಷ್ಮ) ಸೆಟ್ಟಿಂಗ್‌ನಲ್ಲಿ ಅಳತೆ 140 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ, ಉರಿಯುವ ಬೆಂಕಿಗೆ ಇನ್ನೂ ಹೆಚ್ಚು ಬಿಸಿ ಅಳೆಯುವ ಲೋ ಗೇನ್ ಇಡಿ. ಮಧ್ಯಾಹ್ನ ಹಾರಿಸಿದರೆ ಸುಮ್ನೆ ಬ್ಯಾಟರಿ ದಂಡ. ಕಾದ ಬಂಡೆಗಳೆಲ್ಲ ಕೆಂಡದಂತೆ ಕಾಣುತ್ತವೆ. ಬೆಳಕು ಹರಿದ ಕೂಡಲೇ ಒಳ್ಳೇದು. ತೆಳು ಹೊಗೆ ಅಷ್ಟು ಅಡ್ಡಿಯಲ್ಲ, ದಟ್ಟ ಎಲೆ ಜಾಸ್ತಿ ಅಡ್ಡಿ.

ಹೊಸ ಬೆಂಕಿ ಎಲ್ಲಿ ಬಿತ್ತು ಅಂತ ತಿಳಿಯಲು ಉಪಗ್ರಹದಿಂದ ಬೆಂಕಿ ಗುರುತಿಸುವ ನಾಸಾದ ಫರ್ಮ್ಸ್ ಸೇವೆಯ ಇಮೇಲ್ ಸಾಕು, ಅದು ಉಚಿತ.

ಅರಣ್ಯ ಇಲಾಖೆ ಒಪ್ಪಿಗೆ ಮೊದಲೇ ತಗೊಳ್ಳಿ. 2019ರಲ್ಲಿ ಬಂಡೀಪುರಕ್ಕೆ ಬಂದ ಹಾಗೆ ನೀರು ಸುರಿಯುವ ಹೆಲಿಕಾಪ್ಟರ್ ಬಂದರಂತೂ ತಕ್ಷಣ ಡ್ರೋನ್ ಇಳಿಸಿಬಿಡಿ.