ನಾಲ್ಕು ಲಾಟ್ ಚಾಲಿ ಮತ್ತು ನಿಮ್ಮ ಲೇಖನ

ನಮಸ್ಕಾರ,

ಶಿರಸಿಯಿಂದ ನೀವು ಕಳಿಸಿದ 'ಸಿ ಭಾಷೆಯಲ್ಲಿ ಅರೇ ಬಳಸಿ ಸರಾಸರಿ' ಲೇಖನ ಓದಿದೆ. ನಾಲ್ಕು ಲಾಟ್ (ಮಾರಾಟದ ರಾಶಿ) ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ದರಗಳನ್ನು ಅರೇಯಲ್ಲಿ (ಒಂದೇ ಹೆಸರಿನ ಸಾಲು ಮನೆಗಳಲ್ಲಿ) ಇಟ್ಟು ಸರಾಸರಿ ತೆಗೆಯುವ ಪ್ರೋಗ್ರಾಮ್ ಅದು. ಈಗಿರುವ ಹಾಗೆ ಹಾಕಲಾಗುವುದಿಲ್ಲ. ಬೇಜಾರು ಬೇಡ, ಬಿಸಾಡುವಂಥದ್ದೂ ಅಲ್ಲ.

ಮೊದಲ ಒಂದೂವರೆ ಪುಟ ಬರೀ ಕಂಪ್ಯೂಟರಿನ ಪಿತಾಮಹ ಬ್ಯಾಬೇಜ್, ಕಂಪ್ಯೂಟರಿನ ಹುಟ್ಟು, ಅದರ ತಲೆಮಾರುಗಳು. ತೆಗೆದುಬಿಡಿ. ನಾಲ್ಕು ಲಾಟ್ ಚಾಲಿ ಅಡಿಕೆಯ ಸರಾಸರಿ ದರ ತೆಗೆಯಲು ಕೂತವನಿಗೆ ಬ್ಯಾಬೇಜ್ ಯಾಕೆ ಮಾರಾಯ್ರೆ? 'ಸರಣಿ', 'ಚರಾಂಕ' ಕೂಡ ಬೇಡ. ನನಗೆ ಬರೆದ ಪತ್ರದಲ್ಲಿ ಅರೇ, ವೇರಿಯಬಲ್ ಅಂತಲೇ ಬರೆದಿದ್ದೀರಿ, ಅಲ್ವಾ?

ನಿಜ ಹೇಳಬೇಕೆಂದರೆ ಲೇಖನಕ್ಕಿಂತ ಆ ಪತ್ರವೇ ಚೆನ್ನಾಗಿದೆ. ಮೊದಲು 41000 ಅಂತ ಪೂರ್ತಿ ದರ ಹಾಕಿದಾಗ ನಿಮ್ಮ ಪ್ರೋಗ್ರಾಮ್ ಓಡಿಸುವ ಹಳೇ ಟರ್ಬೊ ಸಿ ತಂತ್ರಾಂಶ ಮೈನಸ್ 24536 ತೋರಿಸಿತಂತೆ, ಎರಡು ಸಂಜೆ ತಲೆ ಕೆಡಿಸಿಕೊಂಡು ಕಡೆಗೆ ಸಾವಿರದ ಲೆಕ್ಕದಲ್ಲಿ 41, 42, 42, 44 ಅಂತ ಹಾಕಿ ಬಚಾವಾದಿರಂತೆ. ಲೇಖನದಲ್ಲಿ ಇದರ ಸುಳಿವೇ ಇಲ್ಲ! ಅಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಡಬ್ಬಿ, ಬರೀ 16 ಬಿಟ್. 32767ರ ಮೇಲೆ ಹಿಡಿಸುವುದಿಲ್ಲ. 41000ದಿಂದ 65536 ಕಳೆದು ನೋಡಿ, ನಿಮ್ಮ ಮೈನಸ್ಸೇ ಬರುತ್ತದೆ. ಇಂಟ್ ಬದಲು ದೊಡ್ಡ ಡಬ್ಬಿಯಾದ ಲಾಂಗ್ ಹಾಕಿ, ತೋರಿಸುವಲ್ಲಿ %ld ಅಂದಿದ್ದರೆ ಸಾಕಿತ್ತು. ಲೇಖನ ಇಲ್ಲಿಂದಲೇ ಶುರುವಾಗಲಿ, ಆ ಎರಡು ಸಂಜೆಯಿಂದ.

ಇನ್ನು, ನಿಮ್ಮ 'ಸರಿಯಾದ' ಪ್ರೋಗ್ರಾಮ್ ಸರಿಯಿಲ್ಲ.

ಅರೇಯಲ್ಲಿ ನಾಲ್ಕು ಮನೆ. ಎಣಿಕೆ ಸೊನ್ನೆಯಿಂದ, ಅಂದರೆ ಕೊನೆಯದು 3. ಒಂದೊಂದೇ ಮನೆಗೆ ಹೋಗುವ ನಿಮ್ಮ ಲೂಪ್ (ಅದರ ಎಣಿಕೆಯ ಹೆಸರು ಐ) ಮಾತ್ರ 'ಐ ನಾಲ್ಕಕ್ಕಿಂತ ಕಡಿಮೆ ಅಥವಾ ಸಮ' ಅಂತ ಓಡಿ, ಇಲ್ಲದ ಐದನೇ ಮನೆಗೂ ಕೈಹಾಕುತ್ತದೆ. ಸಿ ಬೈಯುವುದಿಲ್ಲ, ಅಲ್ಲಿ ಬಿದ್ದಿದ್ದನ್ನು ಎತ್ತಿ ಕೂಡಿಸುತ್ತದೆ. ನಿಮ್ಮಲ್ಲಿ ಸೊನ್ನೆ ಬಿದ್ದಿತ್ತು, ಪುಣ್ಯ, ಹಾಗಾಗಿ ಗೊತ್ತಾಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಇಂಟ್ 32 ಬಿಟ್, ಅಲ್ಲಿ 32767 ಬಿದ್ದಿತ್ತು, ಸರಾಸರಿ 8234 ಬಂತು. ಸಾವಿರದ ಲೆಕ್ಕದಲ್ಲಿ ಕ್ವಿಂಟಾಲಿಗೆ 82 ಲಕ್ಷ ಚಿಲ್ಲರೆ! ಆ ದರ ಸಿಕ್ಕಿದ್ದರೆ ನಾನು ಇಲ್ಲಿ ಕೂತು ಬೇರೆಯವರ ಲೇಖನ ತಿದ್ದುತ್ತಿರಲಿಲ್ಲ. 'ಸಮ' ತೆಗೆಯಿರಿ, 'ಕಡಿಮೆ' ಸಾಕು.

ಆಮೇಲೆ ಭಾಗಾಕಾರ. ಸರಾಸರಿಯನ್ನು ಫ್ಲೋಟ್ (ದಶಮಾಂಶ ಹಿಡಿಯುವ ಡಬ್ಬಿ) ಅಂತ ಹೇಳಿದ್ದೀರಿ, ಆದರೂ ನಿಮ್ಮ ಉತ್ತರ 42.00, ಅದನ್ನೇ ನೀವು ಹೆಮ್ಮೆಯಿಂದ ಅಚ್ಚಿಗೂ ಕೊಟ್ಟಿದ್ದೀರಿ. ಕೈಯಲ್ಲಿ ಲೆಕ್ಕ ಹಾಕಿ. 169 ಭಾಗಿಸು 4, 42.25. ಮೊತ್ತವೂ ಇಂಟ್, 4 ಕೂಡ ಇಂಟ್, ಹಾಗಾಗಿ ಚಿಲ್ಲರೆ ಭಾಗಿಸುವಾಗಲೇ ಉದುರಿಹೋಯಿತು, ಫ್ಲೋಟಿನ ಡಬ್ಬಿಗೆ ಹಾಕುವಷ್ಟರಲ್ಲಿ ಬರೀ 42 ಉಳಿದಿತ್ತು. ಕ್ವಿಂಟಾಲಿಗೆ 250 ರೂಪಾಯಿ ಹೋಯಿತಲ್ಲ! ಭಾಗಿಸುವ ಮೊದಲೇ ಮೊತ್ತವನ್ನು ಫ್ಲೋಟ್ ಮಾಡಬೇಕು. ಭಾಗಿಸಿ ಬಂದ ಉತ್ತರಕ್ಕೆ ಬ್ರಾಕೆಟ್ ಹಾಕಿ ಫ್ಲೋಟ್ ಅಂದರೆ ಉದುರಿದ್ದು ವಾಪಸ್ ಬರುವುದಿಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ, ಇದಕ್ಕೆ ಅರ್ಧ ಪುಟ ಕೊಟ್ಟರೂ ತಪ್ಪಿಲ್ಲ.

ಮೊತ್ತವನ್ನು ಸೊನ್ನೆಯಿಂದ ಶುರು ಮಾಡಿದ್ದೀರಿ, ಒಳ್ಳೆಯದು, ಯಾಕೆ ಅಂತ ಒಂದು ಸಾಲು ಹೇಳಿ. ತಕ್ಕಡಿ ಮುಳ್ಳು ಸೊನ್ನೆಗೆ ಬಂದಮೇಲೆ ತಾನೇ ಚೀಲ ಇಡುವುದು.

ಇಷ್ಟೆಲ್ಲ ತಿದ್ದಿದ ಮೇಲೂ ನನಗೆ ಒಂದು ತಕರಾರು ಇದೆ. ನಾಲ್ಕೂ ಲಾಟು ಒಂದೇ ತೂಕದವಾ? 41 ಸಾವಿರದ ಲಾಟು ಆರು ಕ್ವಿಂಟಾಲ್, 42ರವು ಒಂದೊಂದು, 44ರದ್ದು ಬರೀ ಅರ್ಧ ಅಂತಿಟ್ಟುಕೊಳ್ಳಿ. ಒಟ್ಟು 3,52,000 ರೂಪಾಯಿ, ಎಂಟೂವರೆ ಕ್ವಿಂಟಾಲ್. ಕ್ವಿಂಟಾಲಿಗೆ ಬಿದ್ದಿದ್ದು ಸುಮಾರು 41,412, ನಿಮ್ಮ 42,250 ಅಲ್ಲ. ಪ್ರೋಗ್ರಾಮಿನಲ್ಲಿ ಒಂದೂ ತಪ್ಪಿಲ್ಲದೆ ಉತ್ತರ ತಪ್ಪಾಗುವುದು ಹೀಗೆ. ತೂಕಕ್ಕೆ ಇನ್ನೊಂದು ಅರೇ ಮಾಡಿ (ಅರ್ಧ ಕ್ವಿಂಟಾಲೂ ಇದೆ, ಅದು ಫ್ಲೋಟ್ ಆಗಿರಲಿ), ದರಕ್ಕೆ ತೂಕ ಗುಣಿಸುತ್ತ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ. ಆ ಒಟ್ಟು ಸೊನ್ನೆಯಾಗಿದ್ದರೆ ಭಾಗಿಸದೆ ಅಲ್ಲೇ ನಿಲ್ಲಿಸಿ.

ನಿಮ್ಮ ಮನೆಯಲ್ಲಿ ಅಡಿಕೆ ಮಾರಿದ ಚೀಟಿ ಇದ್ದೇ ಇರುತ್ತದೆ. ಅದರ ಅಂಕಿ ಹಾಕಿ ಬರೆದು ಕಳಿಸಿ, ನಾಲ್ಕು ಪುಟ ಮೀರದೆ. ಜೊತೆಗಿದ್ದ ಕವನ ಇನ್ನೂ ಓದಿಲ್ಲ.