“ನಿನಗೆ ಇದು ಎಲ್ಲಿಂದ ಬಂತು?”

(ಆಪ್ತಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 34 ವರ್ಷ. ಮದುವೆಯಾಗಿ 11 ವರ್ಷ, ಒಬ್ಬಳು ಮಗಳು. ಪ್ಯಾಪ್ ಸ್ಮಿಯರ್‌ನಲ್ಲಿ (ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪರೀಕ್ಷೆ) ವ್ಯತ್ಯಾಸ ಕಂಡು, ಕಾಲ್ಪಾಸ್ಕೊಪಿ (ಆ ಭಾಗವನ್ನು ದೊಡ್ಡದಾಗಿಸಿ ನೋಡುವುದು), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಎಲ್ಲ ಮುಗಿದು ಸಿಐಎನ್ 3 ಎಂದು ವರದಿ ಬಂದಿತ್ತು. ಗರ್ಭಕೋಶದ ಬಾಯಿಯ ಮೇಲ್ಪದರದ ಜೀವಕೋಶಗಳು ಜಾಸ್ತಿನೇ ಬದಲಾಗಿವೆ, ಆದರೆ ಇನ್ನೂ ಕ್ಯಾನ್ಸರ್ ಆಗಿಲ್ಲ ಎನ್ನುವ ಹಂತ ಅದು. ಆ ಕೆಟ್ಟ ಪದರವನ್ನು ತೆಗೆಯುವ ‘ಲೀಪ್’ ಎಂಬ ಚಿಕ್ಕ ಚಿಕಿತ್ಸೆ ಮಾಡಿಸಿಕೊಳ್ಳಿ, ಅದೇ ದಿನ ಮನೆಗೆ ಹೋಗಬಹುದು ಎಂದು ಡಾಕ್ಟರ್ ಹೇಳಿದ್ದರು. ಎರಡು ಸಲ ದಿನ ಗೊತ್ತು ಮಾಡಿದರೂ ಆಕೆ ಹೋಗಲಿಲ್ಲ.

“ಆಪರೇಷನ್ ಅಂದ್ರೆ ಭಯ ಮೇಡಂ” ಅಂದರು.

ಭಯ ಇದ್ದದ್ದೇ. ಅಲ್ಲಿ ಏನೇನು ನಡೆಯುತ್ತದೆ ಎಂದು ಬಿಡಿಸಿ ಹೇಳಿದೆ. ಪ್ಯಾಪ್ ಸ್ಮಿಯರ್‌ಗೆ ಮಲಗಿದ ಹಾಗೇ ಮಲಗುವುದು. ಆ ಜಾಗ ಮಾತ್ರ ಮರಗಟ್ಟಲು ಇಂಜೆಕ್ಷನ್. ಅದರಲ್ಲಿ ರಕ್ತ ತಡೆಯುವ ಔಷಧಿಯೂ ಸೇರಿದ್ದರೆ ಒಂದೆರಡು ನಿಮಿಷ ಎದೆ ಡವಡವ ಎನ್ನಬಹುದು, ಕಾಲು ನಡುಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹೆಂಗಸರು ಗಾಬರಿ ಬೀಳುತ್ತಾರೆ. ಆಮೇಲೆ ಕರೆಂಟ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಕೆಟ್ಟ ಪದರವನ್ನು ತೆಗೆಯುತ್ತಾರೆ. ಹೊಗೆ ಎಳೆಯುವ ಯಂತ್ರದ ಸದ್ದು, ಸ್ವಲ್ಪ ಸುಟ್ಟ ವಾಸನೆ. ಹತ್ತಿಪ್ಪತ್ತು ನಿಮಿಷದ ಕೆಲಸ. ತೆಗೆದ ಚೂರು ಲ್ಯಾಬಿಗೆ ಹೋಗುತ್ತದೆ.

ಎಲ್ಲ ಕೇಳಿದರು, ತಲೆಯಾಡಿಸಿದರು. ಆದರೆ ಮುಖ ಸಡಿಲವಾಗಲಿಲ್ಲ. ಕೈಯಲ್ಲಿದ್ದ ವರದಿಯನ್ನು ‘ಎಚ್‌ಪಿವಿ ಪಾಸಿಟಿವ್’ ಎಂಬ ಸಾಲು ಒಳಗೆ ಸೇರುವಂತೆ ಮಡಚಿಟ್ಟುಕೊಂಡಿದ್ದರು. ಎಚ್‌ಪಿವಿ ಎಂದರೆ ದೈಹಿಕ ಸಂಬಂಧದಿಂದ ಹರಡುವ, ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವೈರಸ್. ಆ ಸಾಲಿನ ಬಗ್ಗೆ ಕೇಳಿದಾಗ ಆಕೆಗೆ ಅಳು ಬಂತು.

ಗಂಡ ಮೊಬೈಲಿನಲ್ಲಿ ಹುಡುಕಿ, “ಇದು ಸಂಬಂಧದಿಂದ ಹರಡೋದಂತೆ. ನಿನಗೆ ಎಲ್ಲಿಂದ ಬಂತು?” ಎಂದು ಕೇಳಿದ್ದರಂತೆ. ಅದೇ ಪ್ರಶ್ನೆ ಆಕೆಗೂ ಗಂಡನ ಮೇಲಿತ್ತು, ಬಾಯಿ ಬಿಟ್ಟು ಕೇಳಿರಲಿಲ್ಲ ಅಷ್ಟೇ. ಲೀಪ್ ಆದ ಮೇಲೆ ಸುಮಾರು ನಾಲ್ಕು ವಾರ ದೈಹಿಕ ಸಂಬಂಧದಿಂದ ದೂರ ಇರಬೇಕು. ಹಾಗೆಂದು ಗಂಡನಿಗೆ ಹೇಳಲು ಹೋದರೆ ಆ ಮಾತು ಮತ್ತೆ ಏಳುತ್ತದೆ. ದಿನ ತಪ್ಪಿಸುತ್ತಿದ್ದುದು ಇದಕ್ಕೇ.

ನಾನು ಹೇಳಿದ್ದು: ಆ ಪ್ರಶ್ನೆಗೆ ಯಾವ ಪರೀಕ್ಷೆಯೂ ಉತ್ತರ ಕೊಡುವುದಿಲ್ಲ. ದೈಹಿಕ ಸಂಬಂಧ ಇರುವ ಹೆಚ್ಚಿನವರಿಗೆ, ಗಂಡಸರಿರಲಿ ಹೆಂಗಸರಿರಲಿ, ಎಂದಾದರೂ ಒಮ್ಮೆ ಎಚ್‌ಪಿವಿ ತಗುಲಿರುತ್ತದೆ. ಬಹುಪಾಲು ಜನರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಹತ್ತಿಕ್ಕುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಮದುವೆಗೆ ಮುಂಚಿನದೂ ಆಗಿರಬಹುದು. ಯಾರಿಂದ, ಯಾವಾಗ ಎನ್ನುವುದು ವರದಿಯಲ್ಲಿ ಇಲ್ಲ. ಇಲ್ಲದ್ದನ್ನು ಹಿಡಿದುಕೊಂಡು ಸಂಸಾರದಲ್ಲಿ ವಿಚಾರಣೆ ನಡೆಸುವುದು ಬೇಡ, ಅಲ್ವಾ?

ಆದರೆ ಜಗಳ ತೀರಲಿ ಎಂದು ಚಿಕಿತ್ಸೆ ಕಾಯುವ ಹಾಗಿಲ್ಲ. ಬದಲಾವಣೆ ಕಡಿಮೆ ಇರುವ ಸಿಐಎನ್ 1 ಆಗಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಸಿಐಎನ್ 3 ಹಾಗಲ್ಲ. ನ್ಯೂಜಿಲೆಂಡಿನಲ್ಲಿ ಸಿಐಎನ್ 3ಕ್ಕೆ ಸರಿಯಾದ ಚಿಕಿತ್ಸೆ ಸಿಗದೆ ಉಳಿದ ಮಹಿಳೆಯರಲ್ಲಿ 30 ವರ್ಷಗಳಲ್ಲಿ ಶೇ 30ರಷ್ಟು ಮಂದಿಗೆ ಕ್ಯಾನ್ಸರ್ ಬಂದದ್ದು ದಾಖಲಾಗಿದೆ. ಮೊದಲು ದಿನ ಗೊತ್ತು ಮಾಡಿ, ಮಾತು ಆಮೇಲೆ ಎಂದೆ.

ಇನ್ನೊಂದು ಮಗು ಬೇಕೆಂಬ ಆಸೆಯೂ ಇತ್ತು. ಲೀಪ್‌ನಿಂದ ಗರ್ಭ ನಿಲ್ಲಲು ಸಾಮಾನ್ಯವಾಗಿ ತೊಂದರೆಯಿಲ್ಲ. ಆಳವಾಗಿ ಕತ್ತರಿಸಿದಷ್ಟೂ ಅವಧಿಗೆ ಮುಂಚೆ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ಆದ್ದರಿಂದ ಈ ಆಸೆಯನ್ನು ಡಾಕ್ಟರಿಗೆ ಮೊದಲೇ ತಿಳಿಸಿ ಅಂದೆ. ಕೆಲವು ದಿನ ಕಪ್ಪಗಿನ ಪುಡಿಪುಡಿ ಸ್ರಾವ ಹೋದರೆ ಹೆದರಬೇಕಿಲ್ಲ, ಅದು ರಕ್ತ ನಿಲ್ಲಿಸಲು ಹಚ್ಚಿದ ಔಷಧಿ. ಗಂಟೆಗೊಂದು ಪ್ಯಾಡ್ ತೊಯ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಂಡನನ್ನೂ ಒಮ್ಮೆ ಕರೆಸಿದೆ. ಕೈಕಟ್ಟಿ ಕೂತಿದ್ದರು. ನನ್ನ ಮಾತನ್ನು ಸುಮ್ನೆ ನಂಬಬೇಡಿ, ಇದೇ ಪ್ರಶ್ನೆಯನ್ನು ಡಾಕ್ಟರಿಗೆ ನೀವೇ ಕೇಳಿ, ಆದರೆ ಹೆಂಡತಿ ಪಕ್ಕದಲ್ಲಿ ಇರಲಿ ಎಂದೆ. ಕೇಳಿದರಂತೆ. ಲೀಪ್ ದಿನ ಜೊತೆಗೆ ಹೋದರು.

ತೆಗೆದ ಚೂರಿನ ಅಂಚು ಶುದ್ಧವಾಗಿದೆ, ಅಂದರೆ ಕೆಟ್ಟ ಪದರ ಅಂಚಿನವರೆಗೆ ತಲುಪಿಲ್ಲ ಎಂದು ಲ್ಯಾಬ್ ವರದಿ ಬಂದಿದೆ. ಆರು ತಿಂಗಳ ಎಚ್‌ಪಿವಿ ಪರೀಕ್ಷೆ ಬಾಕಿ ಇದೆ, ಆಮೇಲೂ ವರ್ಷಗಟ್ಟಲೆ ತಪಾಸಣೆ ಬಿಡುವಂತಿಲ್ಲ. ಗಂಡನ ಅನುಮಾನ ಪೂರ್ತಿ ಹೋಗಿಲ್ಲ. ಅದಕ್ಕಾಗಿ ಇಬ್ಬರೂ ಈಗ ಆಪ್ತಸಲಹೆಗೆ ಬರುತ್ತಿದ್ದಾರೆ.